ಮಾನಿಟರಿಂಗ್ ವ್ಯವಸ್ಥೆಗೆ ಸಾಧನ ಸೇರದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಸ್ವಿಚ್, ರೂಟರ್, ಯುಪಿಎಸ್ ಅಥವಾ ಸರ್ವರ್ ಒಂದನ್ನು ನೆಟ್‌ವರ್ಕ್ ಮಾನಿಟರಿಂಗ್ ವ್ಯವಸ್ಥೆಗೆ ಸೇರಿಸಲು ಹೊರಟಾಗ ಹೆಚ್ಚಾಗಿ ಎದುರಾಗುವ ಸಂದೇಶವೆಂದರೆ ‘ಟೈಮ್‌ಔಟ್, ಸಾಧನದಿಂದ ಉತ್ತರವಿಲ್ಲ’. ಈ ಸಂದೇಶ ಕಾರಣವನ್ನು ಹೇಳುವುದಿಲ್ಲ. ಸಾಧನದ ಸ್ಥಿತಿಯನ್ನು ಜಾಲದ ಮೂಲಕ ಕೇಳಿ ತಿಳಿಯುವ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ನಡೆಯುವುದು, ಪ್ಯಾಕೆಟ್ ತಲುಪಿತೇ ಎಂದು ಖಚಿತಪಡಿಸದ ಯುಡಿಪಿಯ ಮೇಲೆ. ದಾರಿಯಲ್ಲಿ ಫೈರ್‌ವಾಲ್ ಪ್ಯಾಕೆಟ್ಟನ್ನು ತಡೆದರೂ, ಸಾಧನದಲ್ಲಿ ಏಜೆಂಟ್ (ಪ್ರಶ್ನೆಗೆ ಉತ್ತರಿಸುವ ಪ್ರೋಗ್ರಾಂ) ಚಾಲನೆಯಲ್ಲಿ ಇಲ್ಲದಿದ್ದರೂ, ಪಾಸ್‌ವರ್ಡ್‌ನಂತೆ ಬಳಸುವ ಕಮ್ಯೂನಿಟಿ ಸ್ಟ್ರಿಂಗ್‌ನಲ್ಲಿ ಒಂದಕ್ಷರ ತಪ್ಪಿದ್ದರೂ ಸರ್ವರ್‌ಗೆ ಕಾಣುವುದು ಒಂದೇ ಬಗೆಯ ಮೌನ. ಮೊದಲ ಎರಡು ಆವೃತ್ತಿಗಳಲ್ಲಿ ತಪ್ಪು ಸ್ಟ್ರಿಂಗ್ ಬಂದಾಗ ಏಜೆಂಟ್ ‘ತಪ್ಪು’ ಎಂದು ತಿರುಗಿ ಹೇಳದೆ ಪ್ಯಾಕೆಟ್ಟನ್ನು ಸುಮ್ಮನೆ ಬಿಸಾಡುತ್ತದೆ. ಆದ್ದರಿಂದ ಊಹೆಯ ಮೇಲೆ ಸೆಟ್ಟಿಂಗ್‌ಗಳನ್ನು ಬದಲಿಸುತ್ತಾ ಹೋಗುವುದಕ್ಕಿಂತ, ಪ್ಯಾಕೆಟ್ ಎಲ್ಲಿಯವರೆಗೆ ಹೋಗಿ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಹಂತ ಹಂತವಾಗಿ ಗುರುತಿಸುವುದೇ ಬೇಗ ಮುಗಿಯುವ ದಾರಿ.

ಕೈಹಾಕುವ ಮೊದಲು

ಪರೀಕ್ಷೆಗಳೆಲ್ಲ ಮಾನಿಟರಿಂಗ್ ಸರ್ವರ್‌ನಿಂದಲೇ ನಡೆಯಬೇಕು. ನಿಮ್ಮ ಲ್ಯಾಪ್‌ಟಾಪ್‌ನಿಂದ ಉತ್ತರ ಬಂದರೆ ಲ್ಯಾಪ್‌ಟಾಪ್‌ನ ದಾರಿ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ವ್ಯವಸ್ಥೆ ಕಂಟೇನರ್ ಒಳಗೆ ನಡೆಯುತ್ತಿದ್ದರೆ ಆ ಕಂಟೇನರ್ ಒಳಗಿನಿಂದ, ಬೇರೆ ಬೇರೆ ಕಡೆ ಪೋಲರ್‌ಗಳಿದ್ದರೆ ಆ ಸಾಧನವನ್ನು ವಿಚಾರಿಸುವ ಪೋಲರ್‌ನಿಂದಲೇ ಪರೀಕ್ಷಿಸಬೇಕು.

ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ‘ಒಮ್ಮೆ ನೋಡೋಣ’ ಎಂದು ಫೈರ್‌ವಾಲನ್ನು ಪೂರ್ತಿ ನಿಲ್ಲಿಸಬಾರದು. ಮಾನಿಟರಿಂಗ್ ಸರ್ವರ್‌ನ ವಿಳಾಸದಿಂದ ಆ ಸಾಧನದ ಯುಡಿಪಿ 161ಕ್ಕೆ (ಎಸ್‌ಎನ್‌ಎಂಪಿ ಪ್ರಶ್ನೆಗಳು ಬರುವ ಪೋರ್ಟ್) ಮಾತ್ರ ಅನುಮತಿ ಕೊಟ್ಟರೆ ಪರೀಕ್ಷೆಗೆ ಅಷ್ಟು ಸಾಕು. 161ನ್ನು ಇಂಟರ್ನೆಟ್‌ಗೆ ತೆರೆದಿಟ್ಟರೆ ಸಾಧನದ ಮಾಹಿತಿ ಹೊರಗೆ ಹೋಗುವುದರ ಜೊತೆಗೆ, ಅದನ್ನೇ ಬಳಸಿಕೊಂಡು ಬೇರೆಯವರ ಮೇಲೆ ದಾಳಿ ನಡೆಸುವುದಕ್ಕೂ ಅವಕಾಶವಾಗುತ್ತದೆ. ಮಾನಿಟರಿಂಗ್‌ಗೆ ಓದುವ ಹಕ್ಕು ಮಾತ್ರ ಬೇಕು. ಬರೆಯುವ ಹಕ್ಕಿರುವ ಕಮ್ಯೂನಿಟಿಯನ್ನು ಇಲ್ಲಿ ಬಳಸಲೇಬಾರದು. ಯುಪಿಎಸ್‌ಗಳ ವಿಷಯದಲ್ಲಂತೂ ಒಂದು ತಪ್ಪು ಆದೇಶ ಅದಕ್ಕೆ ಜೋಡಿಸಿದ ಎಲ್ಲ ಸಾಧನಗಳ ವಿದ್ಯುತ್ತನ್ನು ಕಡಿಯಬಲ್ಲದು. ದೂರದಲ್ಲಿರುವ ಸಾಧನದ ಪ್ರವೇಶ ಪಟ್ಟಿಯನ್ನು ಬದಲಿಸುವಾಗ ನಿಮ್ಮ ಸಂಪರ್ಕವೇ ಕಡಿದುಹೋಗುವ ಸಂಭವವಿರುತ್ತದೆ. ಹಾಗಾಗಿ ಹಳೆಯ ಸಂರಚನೆಯ ಪ್ರತಿ ತೆಗೆದಿಟ್ಟುಕೊಂಡು, ಇನ್ನೊಂದು ಸೆಷನ್ ತೆರೆದಿಟ್ಟುಕೊಂಡು, ನಿಗದಿತ ಸಮಯದಲ್ಲಿ ತಾನಾಗಿ ಹಿಂದಿನ ಸ್ಥಿತಿಗೆ ಮರಳುವ ಸೌಲಭ್ಯ ಸಾಧನದಲ್ಲಿದ್ದರೆ ಅದನ್ನು ಬಳಸಿಕೊಂಡೇ ಮುಂದುವರಿಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಟ್ಟುಕೊಳ್ಳಿ.

ಲಕ್ಷಣ: ಪಿಂಗ್‌ಗೇ ಉತ್ತರವಿಲ್ಲ

ಮೊದಲು ಹೆಸರನ್ನು ನೋಡಿ. ಸಾಧನವನ್ನು ಹೆಸರಿನಿಂದ ಸೇರಿಸುತ್ತಿದ್ದರೆ ಆ ಹೆಸರು ಯಾವ ವಿಳಾಸವಾಗಿ ಬದಲಾಗುತ್ತಿದೆ ಎಂಬುದನ್ನು ಸರ್ವರ್‌ನಲ್ಲೇ ಪರಿಶೀಲಿಸಿ. ಡಿಎನ್‌ಎಸ್‌ನಲ್ಲಿ ಹಳೆಯ ವಿಳಾಸ ಉಳಿದುಕೊಂಡಿರುವುದು ಸಾಮಾನ್ಯ. ಹೆಸರಿಗೆ ಐಪಿವಿ6 ದಾಖಲೆಯೂ ಇದ್ದು ಸಾಧನದ ಏಜೆಂಟ್ ಐಪಿವಿ4ರಲ್ಲಿ ಮಾತ್ರ ಕೇಳುತ್ತಿದ್ದರೆ ಸರ್ವರ್ ತಪ್ಪು ಬಾಗಿಲನ್ನು ತಟ್ಟುತ್ತಲೇ ಇರುತ್ತದೆ. ಹೆಸರಿನ ಬದಲು ಐಪಿ ವಿಳಾಸವನ್ನೇ ಕೊಟ್ಟು ನೋಡಿದರೆ ಈ ಅನುಮಾನ ಅಲ್ಲಿಗೇ ಬಗೆಹರಿಯುತ್ತದೆ.

ವಿಳಾಸ ಸರಿಯಿದ್ದೂ ಉತ್ತರ ಬಾರದಿದ್ದರೆ ಅದೇ ಸಬ್‌ನೆಟ್‌ನ ಬೇರೊಂದು ಸಾಧನಕ್ಕೆ ಪಿಂಗ್ ಮಾಡಿ. ಅದಕ್ಕೂ ಉತ್ತರವಿಲ್ಲದಿದ್ದರೆ ತೊಂದರೆ ದಾರಿಯಲ್ಲಿದೆ: ರೂಟ್, ವಿಲ್ಯಾನ್ (ಜಾಲವನ್ನು ಬೇರ್ಪಡಿಸಿದ ಭಾಗ) ಅಥವಾ ನಡುವಿನ ಫೈರ್‌ವಾಲ್. ಅದಕ್ಕೆ ಮಾತ್ರ ಉತ್ತರ ಬಂದರೆ ತೊಂದರೆ ನಿಮ್ಮ ಸಾಧನದ್ದು. ಅದರ ಡೀಫಾಲ್ಟ್ ಗೇಟ್‌ವೇ ನೋಡಿ. ಆಡಳಿತಕ್ಕಾಗಿ ಐಪಿ ಕೊಟ್ಟ ಲೇಯರ್ 2 ಸ್ವಿಚ್‌ಗಳಲ್ಲಿ ಗೇಟ್‌ವೇ ಬರೆಯುವುದು ಮರೆತುಹೋಗಿ, ಅದೇ ವಿಲ್ಯಾನ್‌ನಲ್ಲಿರುವವರಿಗೆ ಸ್ವಿಚ್ ಸಿಗುತ್ತದೆ, ಬೇರೆ ಸಬ್‌ನೆಟ್‌ನಲ್ಲಿರುವ ಮಾನಿಟರಿಂಗ್ ಸರ್ವರ್‌ಗೆ ಸಿಗುವುದಿಲ್ಲ.

ಪಿಂಗ್ ಬಾರದಿರುವುದೆಲ್ಲ ದೋಷವೂ ಅಲ್ಲ. ಕೆಲವು ಕಡೆ ಪಿಂಗ್ ಬಳಸುವ ಐಸಿಎಂಪಿಯನ್ನು ಬೇಕೆಂದೇ ತಡೆದಿರುತ್ತಾರೆ. ಲಿಬ್ರೆಎನ್‌ಎಂಎಸ್‌ನಂಥ ವ್ಯವಸ್ಥೆಗಳು ಸಾಧನ ಸೇರಿಸುವಾಗ ಮೊದಲು ಪಿಂಗ್ ಮಾಡಿ, ಉತ್ತರವಿಲ್ಲದಿದ್ದರೆ ಎಸ್‌ಎನ್‌ಎಂಪಿಯನ್ನು ಪ್ರಯತ್ನಿಸುವ ಮೊದಲೇ ಕೈಬಿಡುತ್ತವೆ. ಅಂಥಲ್ಲಿ ಮಾನಿಟರಿಂಗ್ ಸರ್ವರ್‌ಗೆ ಮಾತ್ರ ಪಿಂಗ್ ಅನುಮತಿ ಕೊಡಿಸುವುದು ಒಳ್ಳೆಯದು. ಆ ಸಾಧನಕ್ಕೆ ಮಾತ್ರ ಪಿಂಗ್ ಪರೀಕ್ಷೆಯನ್ನು ಬಿಡಿಸುವುದು ಎರಡನೆಯ ಆಯ್ಕೆ. ಏಕೆಂದರೆ ಪಿಂಗ್ ಇಲ್ಲದೆ ಹೋದರೆ ಮುಂದೆ ವಿಳಂಬ ಮತ್ತು ಪ್ಯಾಕೆಟ್ ನಷ್ಟದ ದಾಖಲೆಯೂ ಸಿಗುವುದಿಲ್ಲ.

ಲಕ್ಷಣ: ಪಿಂಗ್ ಬರುತ್ತದೆ, ಎಸ್‌ಎನ್‌ಎಂಪಿ ಟೈಮ್‌ಔಟ್ ಆಗುತ್ತದೆ

ಹೆಚ್ಚಿನ ಸಮಯ ಹಾಳಾಗುವುದು ಇಲ್ಲಿಯೇ. ಮೊದಲ ಪರೀಕ್ಷೆಗೆ ಖರ್ಚಿಲ್ಲ: ಮಾನಿಟರಿಂಗ್ ತಂತ್ರಾಂಶವನ್ನು ಬದಿಗಿಟ್ಟು, ಸರ್ವರ್‌ನ ಕಮಾಂಡ್ ಲೈನ್‌ನಿಂದ ಸಾಧನದ ವಿವರಣೆಯನ್ನು, ಅಂದರೆ 1.3.6.1.2.1.1.1.0 ಎಂಬ ಒಂದೇ ಒಂದು ಓಐಡಿಯನ್ನು (ಪ್ರತಿ ಮಾಹಿತಿಗೂ ಇರುವ, ಮರದಂತೆ ಕವಲೊಡೆಯುವ ಗುರುತು ಸಂಖ್ಯೆ) ಕೇಳಿ. ನೆಟ್-ಎಸ್‌ಎನ್‌ಎಂಪಿಯ ಉಪಕರಣಗಳು ಸಾಮಾನ್ಯವಾಗಿ ಒಂದು ಸೆಕೆಂಡು ಕಾದು, ಐದು ಸಲ ಮತ್ತೆ ಪ್ರಯತ್ನಿಸಿ, ಸುಮಾರು ಆರು ಸೆಕೆಂಡಿಗೆ ಸೋಲೊಪ್ಪಿಕೊಳ್ಳುತ್ತವೆ. ಇಲ್ಲಿ ಉತ್ತರ ಬಂದು ತಂತ್ರಾಂಶದಲ್ಲಿ ಮಾತ್ರ ಬಾರದಿದ್ದರೆ ತಂತ್ರಾಂಶಕ್ಕೆ ಕೊಟ್ಟ ಆವೃತ್ತಿ, ಪೋರ್ಟ್ ಅಥವಾ ಸ್ಟ್ರಿಂಗ್ ಬೇರೆಯಾಗಿದೆ ಎಂದರ್ಥ.

ಸ್ಟ್ರಿಂಗನ್ನು ಕಣ್ಣಿನಿಂದ ಓದಿ ಸರಿಯಿದೆ ಎಂದುಕೊಳ್ಳಬೇಡಿ. ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿರಬಹುದು. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಡಾಲರ್ ಚಿಹ್ನೆ ಅಥವಾ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಶೆಲ್ ಅದಕ್ಕೆ ತನ್ನದೇ ಅರ್ಥ ಕಟ್ಟಿಬಿಡುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಸ್ಟ್ರಿಂಗನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಸಿಸ್ಕೋ ಸ್ವಿಚ್‌ಗಳಲ್ಲಿ ‘ಆ್ಯಟ್’ ಚಿಹ್ನೆಯನ್ನು ಕಮ್ಯೂನಿಟಿಯ ಜೊತೆ ವಿಲ್ಯಾನ್ ಸಂಖ್ಯೆ ಸೂಚಿಸಲು ಬಳಸುವುದರಿಂದ, ಆ ಚಿಹ್ನೆಯಿರುವ ಸ್ಟ್ರಿಂಗನ್ನು ಆರಿಸದಿರುವುದೇ ಒಳ್ಳೆಯದು.

ಟೆಲ್ನೆಟ್‌ನಿಂದ 161ಕ್ಕೆ ಸಂಪರ್ಕಿಸಿ ‘ಪೋರ್ಟ್ ಮುಚ್ಚಿದೆ’ ಎಂದು ತೀರ್ಮಾನಿಸುವವರು ಬಹಳ. ಟೆಲ್ನೆಟ್ ಟಿಸಿಪಿ ಬಳಸುತ್ತದೆ. ಯುಡಿಪಿ ಪೋರ್ಟಿನ ಬಗ್ಗೆ ಅದು ಏನನ್ನೂ ಹೇಳಲಾರದು. ಯುಡಿಪಿ ಸ್ಕ್ಯಾನ್ ಮಾಡಿದರೂ ‘ತೆರೆದಿದೆ ಅಥವಾ ತಡೆಯಲಾಗಿದೆ’ ಎಂಬ ಎರಡರ್ಥದ ಉತ್ತರವೇ ಬರುವುದು ಹೆಚ್ಚು. ಇದಕ್ಕಿಂತ ನೇರವಾದದ್ದು ಪ್ಯಾಕೆಟ್ ಕ್ಯಾಪ್ಚರ್, ಅಂದರೆ ಹೋಗಿಬರುವ ಪ್ಯಾಕೆಟ್‌ಗಳನ್ನು ಹಿಡಿದು ನೋಡುವುದು. ಸರ್ವರ್‌ನ ಒಂದು ಕಿಟಕಿಯಲ್ಲಿ ಟಿಸಿಪಿಡಂಪ್ ಚಾಲೂ ಮಾಡಿ, ಸಾಧನದ ವಿಳಾಸಕ್ಕೆ ಸಂಬಂಧಿಸಿದ ಪ್ಯಾಕೆಟ್‌ಗಳನ್ನಷ್ಟೇ ತೋರಿಸುವಂತೆ ಹೇಳಿ, ಇನ್ನೊಂದು ಕಿಟಕಿಯಿಂದ ಅದೇ ಪ್ರಶ್ನೆಯನ್ನು ಮತ್ತೆ ಕಳುಹಿಸಿ. ಇಲ್ಲಿ ಪೋರ್ಟ್ 161 ಎಂಬ ಫಿಲ್ಟರ್ ಹಾಕಿದರೆ ಐಸಿಎಂಪಿ ಉತ್ತರಗಳು ಕಣ್ಣಿಗೆ ಬೀಳುವುದಿಲ್ಲ. ವಿಳಾಸದ ಮೇಲೆ ಮಾತ್ರ ಫಿಲ್ಟರ್ ಇರಲಿ, ಸಾಧನಕ್ಕೆ ಹಲವು ವಿಳಾಸಗಳಿದ್ದರೆ ಎಲ್ಲವನ್ನೂ ಅದರಲ್ಲಿ ಸೇರಿಸಿ.

ಪ್ರಶ್ನೆಯೇ ಹೊರಗೆ ಹೋಗದಿದ್ದರೆ ಸರ್ವರ್‌ನ ಸ್ವಂತ ಫೈರ್‌ವಾಲ್ ಅಥವಾ ರೂಟ್ ನೋಡಬೇಕು. ಪ್ರಶ್ನೆ ಹೋಗಿ ‘ಪೋರ್ಟ್ ತಲುಪಲಾಗದು’ ಎಂಬ ಐಸಿಎಂಪಿ ಸಂದೇಶ ಬಂದರೆ ಅದೊಂದು ಒಳ್ಳೆಯ ಸುಳಿವು: ಪ್ಯಾಕೆಟ್ ಸಾಧನದವರೆಗೆ ಹೋಗಿದೆ, ಆದರೆ ಆ ವಿಳಾಸದಲ್ಲಿ ಯಾವ ಏಜೆಂಟ್ ಕೂಡ ಕೇಳುತ್ತಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಏಜೆಂಟ್ ಸ್ಥಾಪಿಸಿದ ಕೂಡಲೇ ಅದು 127.0.0.1ರಲ್ಲಿ ಮಾತ್ರ ಕೇಳುತ್ತಿರುತ್ತದೆ. ಸರ್ವರ್‌ನೊಳಗೆ ಕುಳಿತು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಹೊರಗಿನವರಿಗೆ ಏನೂ ಸಿಗುವುದಿಲ್ಲ. ಏಜೆಂಟ್‌ನ ಸಂರಚನಾ ಕಡತದಲ್ಲಿ ಕೇಳುವ ವಿಳಾಸವನ್ನು ಬದಲಿಸಿ ಸೇವೆಯನ್ನು ಮರುಚಾಲನೆ ಮಾಡಿದರೆ ಇದು ಸರಿಹೋಗುತ್ತದೆ.

ಇನ್ನೊಂದು ಚಿತ್ರ ನೋಡುವವರನ್ನು ಗೊಂದಲಕ್ಕೆ ಕೆಡವುವಂಥದ್ದು. ಪ್ರಶ್ನೆ 192.0.2.10ಕ್ಕೆ ಹೋಗಿರುತ್ತದೆ, ಉತ್ತರ 198.51.100.1ರಿಂದ ಬರುತ್ತದೆ. ಎರಡೂ ಅದೇ ರೂಟರಿನ ವಿಳಾಸಗಳು. ರೂಟರ್ ಉತ್ತರವನ್ನು ತಾನು ಹೊರಡಿಸುವ ಇಂಟರ್‌ಫೇಸ್‌ನ ವಿಳಾಸದಿಂದ ಕಳುಹಿಸಿದೆ. ನಡುವೆ ಸ್ಥಿತಿ ನೆನಪಿಡುವ ಫೈರ್‌ವಾಲ್ ಇದ್ದರೆ ಅದು ಈ ಉತ್ತರವನ್ನು ಅಪರಿಚಿತವೆಂದು ತಡೆಯುತ್ತದೆ, ಆಗ ಸರ್ವರ್‌ಗೆ ಮತ್ತೆ ಅದೇ ಮೌನ. ಸಾಧನದಲ್ಲಿ ಎಸ್‌ಎನ್‌ಎಂಪಿಯ ಮೂಲ ವಿಳಾಸವನ್ನು ನಿಗದಿಪಡಿಸಿ, ಅಥವಾ ಸರ್ವರ್‌ನ ಕಡೆಗಿರುವ ಇಂಟರ್‌ಫೇಸ್‌ನ ವಿಳಾಸದಿಂದಲೇ ಸಾಧನವನ್ನು ಸೇರಿಸಿ.

ಪ್ರಶ್ನೆ ಹೋಗುತ್ತಿದೆ, ಏನೂ ಮರಳುತ್ತಿಲ್ಲ ಎಂದಾದರೆ ಸಾಧನಕ್ಕೆ ಲಾಗಿನ್ ಆಗಿ ಅದರ ಎಸ್‌ಎನ್‌ಎಂಪಿ ಎಣಿಕೆಗಳನ್ನು ನೋಡಿ. ಬಂದ ಪ್ಯಾಕೆಟ್‌ಗಳೆಷ್ಟು, ತಪ್ಪು ಕಮ್ಯೂನಿಟಿಯವು ಎಷ್ಟು ಎಂಬ ಲೆಕ್ಕವನ್ನು ಏಜೆಂಟ್‌ಗಳು ಇಟ್ಟಿರುತ್ತವೆ. ನೀವು ಒಮ್ಮೆ ಪ್ರಶ್ನೆ ಕಳುಹಿಸಿದಾಗ ತಪ್ಪು ಕಮ್ಯೂನಿಟಿಯ ಎಣಿಕೆ ಏರಿದರೆ ದಾರಿ ಸರಿಯಿದೆ, ಸ್ಟ್ರಿಂಗ್ ತಪ್ಪಿದೆ. ಯಾವ ಎಣಿಕೆಯೂ ಅಲುಗಾಡದಿದ್ದರೆ ಪ್ಯಾಕೆಟ್ ಏಜೆಂಟನ್ನು ತಲುಪುತ್ತಿಲ್ಲ. ನಡುವಿನ ಫೈರ್‌ವಾಲ್, ಸಾಧನದ ಇಂಟರ್‌ಫೇಸ್ ಮೇಲಿನ ಪ್ರವೇಶ ಪಟ್ಟಿ, ಅಥವಾ ಆಡಳಿತದ ಇಂಟರ್‌ಫೇಸ್ ಬೇರೆ ವಿಆರ್‌ಎಫ್‌ನಲ್ಲಿರುವುದು (ಅದೇ ಸಾಧನದೊಳಗಿನ ಪ್ರತ್ಯೇಕ ರೂಟಿಂಗ್ ಕೋಷ್ಟಕ) ಕಾರಣವಾಗಿರಬಹುದು. ಬಂದ ಪ್ಯಾಕೆಟ್‌ಗಳ ಎಣಿಕೆ ಏರಿಯೂ ಉತ್ತರ ಹೊರಡದಿದ್ದರೆ ಕಮ್ಯೂನಿಟಿಗೆ ಕಟ್ಟಿದ ಪ್ರವೇಶ ಪಟ್ಟಿಯಲ್ಲಿ ಸರ್ವರ್‌ನ ವಿಳಾಸ ಇದೆಯೇ ನೋಡಿ. ಅಲ್ಲಿರಬೇಕಾದದ್ದು ಸಾಧನಕ್ಕೆ ಕಾಣುವ ವಿಳಾಸ. ನಡುವೆ ನ್ಯಾಟ್ (ದಾರಿಯಲ್ಲಿ ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ಇದ್ದರೆ ಅಥವಾ ಸರ್ವರ್‌ಗೆ ಎರಡು ಐಪಿಗಳಿದ್ದರೆ, ನೀವು ಅಂದುಕೊಂಡ ವಿಳಾಸವೇ ಅದಾಗಿರಬೇಕೆಂದಿಲ್ಲ.

ಲಕ್ಷಣ: ಮೂರನೆಯ ಆವೃತ್ತಿಯಲ್ಲಿ ಮಾತ್ರ ಸೋಲುತ್ತದೆ

ಮೂರನೆಯ ಆವೃತ್ತಿಯ ಒಂದು ಉಪಕಾರವೆಂದರೆ ಅದು ಹಲವು ಸಲ ಕಾರಣವನ್ನು ಹೇಳುತ್ತದೆ. ‘ಅಪರಿಚಿತ ಬಳಕೆದಾರ’ ಎಂದರೆ ಹೆಸರು ತಪ್ಪಿದೆ, ಅಥವಾ ಆ ಬಳಕೆದಾರ ಸಾಧನದಲ್ಲಿ ನಿಜಕ್ಕೂ ಸೃಷ್ಟಿಯಾಗಿಲ್ಲ. ‘ತಪ್ಪು ಡೈಜೆಸ್ಟ್’ ಅಥವಾ ದೃಢೀಕರಣ ವಿಫಲ ಎಂದರೆ ದೃಢೀಕರಣದ ಪಾಸ್‌ವರ್ಡ್ ಹೊಂದುತ್ತಿಲ್ಲ, ಇಲ್ಲವೇ ದೃಢೀಕರಣದ ವಿಧಾನ ಒಂದು ಕಡೆ ಎಂಡಿ5, ಇನ್ನೊಂದು ಕಡೆ ಎಸ್‌ಎಚ್‌ಎ ಇದೆ. ದೃಢೀಕರಣ ದಾಟಿದ ಮೇಲೂ ಗೂಢಲಿಪಿಯ ಹಂತದಲ್ಲಿ ಸೋತರೆ ಗೂಢಲಿಪಿಯ ಪಾಸ್‌ವರ್ಡ್ ಅಥವಾ ವಿಧಾನ ಬೇರೆಯಾಗಿದೆ. ಎರಡು ಕಡೆಯೂ ‘ಎಇಎಸ್ 256’ ಎಂದಿದ್ದರೂ ಕೀಲಿ ರೂಪಿಸುವ ರೀತಿ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದುಂಟು. ಸಂಶಯ ಬಂದರೆ ಎಇಎಸ್ 128ರಲ್ಲಿ ಒಮ್ಮೆ ಪರೀಕ್ಷಿಸಿ. ಪಾಸ್‌ವರ್ಡ್‌ಗಳು ಎಂಟು ಅಕ್ಷರಕ್ಕಿಂತ ಕಡಿಮೆ ಇರಬಾರದು.

‘ಸಮಯದ ಮಿತಿಯಲ್ಲಿಲ್ಲ’ ಎಂಬ ದೋಷವನ್ನು ಕಂಡ ಕೂಡಲೇ ಅನೇಕರು ಗಡಿಯಾರ ಸರಿಪಡಿಸಲು ಎನ್‌ಟಿಪಿಯತ್ತ ಓಡುತ್ತಾರೆ. ಇಲ್ಲಿ ಹೇಳುತ್ತಿರುವ ಸಮಯ ಗೋಡೆಯ ಗಡಿಯಾರದ್ದಲ್ಲ. ಏಜೆಂಟ್ ಎಷ್ಟು ಸಲ ಮರುಚಾಲನೆಯಾಗಿದೆ, ಕೊನೆಯ ಮರುಚಾಲನೆಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬ ಎರಡು ಸಂಖ್ಯೆಗಳನ್ನು ಎರಡೂ ಕಡೆ ಹೋಲಿಸಲಾಗುತ್ತದೆ. ಅಂತರ 150 ಸೆಕೆಂಡು ಮೀರಿದರೆ ಪ್ಯಾಕೆಟ್ ತಿರಸ್ಕೃತವಾಗುತ್ತದೆ. ಸಂಪರ್ಕ ಆರಂಭವಾಗುವಾಗ ಒಂದೆರಡು ಸಲ ಹೀಗಾಗುವುದು ಸಹಜ. ಮತ್ತೆ ಮತ್ತೆ ಆಗುತ್ತಿದ್ದರೆ ಎರಡು ಸಾಧನಗಳ ಎಂಜಿನ್ ಐಡಿ (ಪ್ರತಿ ಏಜೆಂಟ್‌ಗೂ ಬೇರೆಯಾಗಿರಬೇಕಾದ ಗುರುತು) ಒಂದೇ ಆಗಿದೆಯೇ ನೋಡಿ. ಒಂದು ವರ್ಚುವಲ್ ಮಷೀನನ್ನು ನಕಲು ಮಾಡಿ ಹಲವು ಸರ್ವರ್ ಮಾಡಿಕೊಂಡಾಗ, ಅಥವಾ ಒಂದೇ ಸಂರಚನೆಯನ್ನು ಹಲವು ಸ್ವಿಚ್‌ಗಳಿಗೆ ತುಂಬಿಸಿದಾಗ ಹೀಗಾಗುತ್ತದೆ: ಒಂದನ್ನು ಸೇರಿಸಿದರೆ ಸರಿಯಾಗಿ ನಡೆಯುತ್ತದೆ, ಎರಡನೆಯದನ್ನು ಸೇರಿಸಿದ ಕೂಡಲೇ ಎರಡೂ ಸರದಿಯಂತೆ ಕೈಕೊಡುತ್ತವೆ. ಎಂಜಿನ್ ಐಡಿ ಬದಲಿಸಿದ ಮೇಲೆ ಬಳಕೆದಾರರನ್ನು ಹೊಸದಾಗಿ ಸೃಷ್ಟಿಸಬೇಕು, ಏಕೆಂದರೆ ಅವರ ಕೀಲಿಗಳು ಆ ಐಡಿಯಿಂದಲೇ ರೂಪುಗೊಂಡಿರುತ್ತವೆ. ನೆಟ್-ಎಸ್‌ಎನ್‌ಎಂಪಿಯಲ್ಲಿ ಶಾಶ್ವತ ಕಡತಕ್ಕೆ ಬಳಕೆದಾರರನ್ನು ಸೇರಿಸುವಾಗ ಸೇವೆಯನ್ನು ನಿಲ್ಲಿಸಿರಬೇಕು. ನಡೆಯುತ್ತಿರುವಾಗ ಬರೆದದ್ದನ್ನು ಅದು ನಿಲ್ಲುವಾಗ ತನ್ನ ಪ್ರತಿಯಿಂದ ಅಳಿಸಿಹಾಕುತ್ತದೆ.

ತಿಣುಕಾಡಿ ಸಾಕಾಗಿ ಎರಡನೆಯ ಆವೃತ್ತಿಗೆ ಇಳಿದುಬಿಡುವ ಆಸೆ ಬರುತ್ತದೆ. ಅದರಲ್ಲಿ ಕಮ್ಯೂನಿಟಿ ಸ್ಟ್ರಿಂಗ್ ಸ್ವಲ್ಪವೂ ಮರೆಯಿಲ್ಲದೆ ತಂತಿಯ ಮೇಲೆ ಹೋಗುತ್ತದೆ. ನೀವು ಮಾಡಿದ ಕ್ಯಾಪ್ಚರ್‌ನಲ್ಲೇ ಅದನ್ನು ಓದಬಹುದು. ಬೇರ್ಪಟ್ಟ ಆಡಳಿತ ಜಾಲದ ಹೊರಗೆ ಹಾಗೆ ಮಾಡಬೇಡಿ.

ಲಕ್ಷಣ: ಸಾಧನದ ಹೆಸರು ಬಂತು, ಇಂಟರ್‌ಫೇಸ್‌ಗಳು ಬರಲಿಲ್ಲ

ಇದು ಬಹುತೇಕ ವ್ಯೂ ಎಂಬ ಮಿತಿಯ ಫಲ. ಲಿನಕ್ಸ್ ವಿತರಣೆಗಳ ಆರಂಭಿಕ ಸಂರಚನೆಯಲ್ಲಿ ಏಜೆಂಟ್ ಸಿಸ್ಟಂ ಶಾಖೆಯಂಥ ಸ್ವಲ್ಪ ಭಾಗವನ್ನು ಮಾತ್ರ ತೋರಿಸುವಂತಿರುತ್ತದೆ. 1.3.6.1.2.1.2ರ ಕೆಳಗೆ ವಾಕ್ ಮಾಡಿ, ಅಂದರೆ ಆ ಶಾಖೆಯ ಓಐಡಿಗಳನ್ನೆಲ್ಲ ಒಂದರ ನಂತರ ಒಂದರಂತೆ ಕೇಳಿ. ‘ಅಂಥ ವಸ್ತು ಇಲ್ಲ’ ಎಂಬ ಉತ್ತರ ಕೂಡಲೇ ಬಂದರೆ ದಾರಿ ಮತ್ತು ಪಾಸ್‌ವರ್ಡ್ ಎರಡೂ ಸರಿಯಿವೆ, ಅನುಮತಿಯ ವ್ಯಾಪ್ತಿ ಕಿರಿದಾಗಿದೆ ಎಂದು ತಿಳಿಯಿರಿ. ಇಂಟರ್‌ಫೇಸ್‌ಗಳಿಗೆ ಬೇಕಾದ ಶಾಖೆಗಳನ್ನು ವ್ಯೂಗೆ ಸೇರಿಸಿದರೆ ಆಯಿತು. ಸಾಧನವು ‘ಸಾಮಾನ್ಯ’ ಎಂಬ ಗುರುತಿನಿಂದ ಸೇರಿ ತಾಪಮಾನ, ಫ್ಯಾನ್ ಮುಂತಾದವು ಕಾಣದಿದ್ದರೆ 1.3.6.1.2.1.1.2.0ರಲ್ಲಿ ಬರುವ ಗುರುತು ನಿಮ್ಮ ತಂತ್ರಾಂಶಕ್ಕೆ ಪರಿಚಯವಿಲ್ಲ ಎಂದರ್ಥ. ತಂತ್ರಾಂಶವನ್ನು ನವೀಕರಿಸಿ ನೋಡಿ.

ಲಕ್ಷಣ: ಒಂದು ಪ್ರಶ್ನೆಗೆ ಉತ್ತರ ಬರುತ್ತದೆ, ವಾಕ್ ನಡುವೆ ನಿಂತುಹೋಗುತ್ತದೆ

ಇದನ್ನು ನಿಧಾನವಾಗಿ ನೋಡಬೇಕು. ಬಲ್ಕ್ ವಿಧಾನದಲ್ಲಿ ಒಂದೇ ಪ್ರಶ್ನೆಗೆ ಹತ್ತಾರು ಮೌಲ್ಯಗಳು ಒಟ್ಟಿಗೆ ಬರುತ್ತವೆ. ಉತ್ತರವು ದಾರಿಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 1500 ಬೈಟ್) ಮೀರಿದರೆ ಅದು ತುಣುಕಾಗಿ ಹೋಗಬೇಕಾಗುತ್ತದೆ. ಕೆಲವು ಫೈರ್‌ವಾಲ್‌ಗಳು ಮತ್ತು ವಿಪಿಎನ್ ಸುರಂಗಗಳು ಯುಡಿಪಿಯ ತುಣುಕುಗಳನ್ನು ಕೈಬಿಡುತ್ತವೆ. ಆಗ ಚಿಕ್ಕ ಉತ್ತರಗಳೆಲ್ಲ ಬರುತ್ತವೆ, ದೊಡ್ಡದು ಮಾತ್ರ ಬರುವುದಿಲ್ಲ. ಬಲ್ಕ್ ಬಿಟ್ಟು ಒಂದೊಂದಾಗಿ ಕೇಳುವ ವಾಕ್ ನಿಧಾನವಾಗಿಯಾದರೂ ಪೂರ್ತಿ ನಡೆದರೆ ಕಾರಣ ಇದೇ. ಒಂದು ಪ್ರಶ್ನೆಗೆ ಕೇಳುವ ಮೌಲ್ಯಗಳ ಸಂಖ್ಯೆಯನ್ನು ಆ ಸಾಧನಕ್ಕೆ ಹತ್ತಕ್ಕೆ ಇಳಿಸಿ ನೋಡಿ. ಆಮೇಲೆ ಎಂಟಿಯು ವಿಷಯವನ್ನು ಜಾಲದ ತಂಡದೊಂದಿಗೆ ಚರ್ಚಿಸಿ.

ಒಂದೊಂದಾಗಿ ಕೇಳಿದರೂ ಅದೇ ಓಐಡಿಯಲ್ಲಿ ನಿಲ್ಲುತ್ತಿದ್ದರೆ ಅದು ಏಜೆಂಟ್‌ನ ದೋಷ. ಸಾಧನದ ಫರ್ಮ್‌ವೇರ್ ಆವೃತ್ತಿ ಮತ್ತು ಆ ಓಐಡಿಯನ್ನು ಬರೆದುಕೊಂಡು ತಯಾರಕರನ್ನು ಸಂಪರ್ಕಿಸಬೇಕು. ಒಂದು ಎಚ್ಚರಿಕೆ: ಪೂರ್ಣ ರೂಟಿಂಗ್ ಕೋಷ್ಟಕ ಹೊತ್ತಿರುವ ರೂಟರಿನಲ್ಲಿ ಇಡೀ ಮರವನ್ನು ವಾಕ್ ಮಾಡುವುದು ಅದರ ಸಿಪಿಯು ಮೇಲೆ ದೊಡ್ಡ ಹೊರೆ. ಕೆಲಸದ ವೇಳೆಯಲ್ಲಿ ಇದನ್ನು ಮಾಡಬೇಡಿ, ಬೇಕಾದ ಶಾಖೆಯನ್ನು ಮಾತ್ರ ಕೇಳಿ.

ಲಕ್ಷಣ: ಸಾಧನ ಸೇರಿದೆ, ಗ್ರಾಫ್ ಖಾಲಿ ಇದೆ ಅಥವಾ ಅಂಕಿ ಅಸಂಬದ್ಧವಾಗಿದೆ

ಸೇರಿಸಿದ ಕೂಡಲೇ ಗ್ರಾಫ್ ಖಾಲಿಯಿದ್ದರೆ ಕಾಯಿರಿ. ವೇಗ ಲೆಕ್ಕ ಹಾಕಲು ಎರಡು ಓದುಗಳು ಬೇಕು. ಐದು ನಿಮಿಷಕ್ಕೊಮ್ಮೆ ಪೋಲಿಂಗ್ ಇರುವ ಕಡೆ ಮೊದಲ ಗೆರೆಗೆ ಹತ್ತು ನಿಮಿಷವಾದರೂ ಹಿಡಿಯುತ್ತದೆ. ಆಮೇಲೂ ಖಾಲಿಯಿದ್ದರೆ ಪೋಲರ್ ನಿಜಕ್ಕೂ ನಡೆಯುತ್ತಿದೆಯೇ, ದತ್ತಾಂಶ ಕಡತಗಳಿಗೆ ಬರೆಯುವ ಅನುಮತಿ ಅದಕ್ಕಿದೆಯೇ ನೋಡಿ. ಯಾರೋ ಒಮ್ಮೆ ರೂಟ್ (ಎಲ್ಲ ಅಧಿಕಾರವಿರುವ) ಬಳಕೆದಾರರಾಗಿ ಪೋಲರನ್ನು ಕೈಯಿಂದ ಓಡಿಸಿದ್ದರೆ ಕಡತಗಳು ರೂಟ್‌ನ ಹೆಸರಿನಲ್ಲಿ ಹುಟ್ಟಿ, ನಂತರದ ಪೋಲಿಂಗ್‌ಗಳೆಲ್ಲ ವ್ಯರ್ಥವಾಗಿರುತ್ತವೆ.

ಚುರುಕಾದ ಲಿಂಕಿನಲ್ಲಿ ಗ್ರಾಫ್ ಅಸಹಜವಾಗಿ ಕಡಿಮೆ ತೋರಿಸುತ್ತಿದ್ದರೆ 32 ಬಿಟ್ ಎಣಿಕೆಯನ್ನು ಸಂಶಯಿಸಿ. ಒಂದು ಗಿಗಾಬಿಟ್ ವೇಗದಲ್ಲಿ ಅದು ಸುಮಾರು 34 ಸೆಕೆಂಡಿಗೆ ತುಂಬಿ ಸೊನ್ನೆಗೆ ಮರಳುತ್ತದೆ. ಐದು ನಿಮಿಷದ ಎರಡು ಓದುಗಳ ನಡುವೆ ಎಷ್ಟು ಸುತ್ತು ಬಂದಿದೆ ಎಂದು ಯಾವ ತಂತ್ರಾಂಶವೂ ಹೇಳಲಾರದು. 64 ಬಿಟ್ ಎಣಿಕೆಗಳು ಎಸ್‌ಎನ್‌ಎಂಪಿ ಮೊದಲ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಸಾಧನವನ್ನು ಆ ಆವೃತ್ತಿಯಲ್ಲಿ ಸೇರಿಸಿದ್ದರೆ ಮೊದಲು ಅದನ್ನು ಬದಲಿಸಿ. ಮರುಚಾಲನೆಯ ನಂತರ ಒಂದು ಇಂಟರ್‌ಫೇಸ್‌ನ ಗ್ರಾಫ್ ಇನ್ನೊಂದರದ್ದರಂತೆ ಕಂಡರೆ ಸಾಧನ ಇಂಟರ್‌ಫೇಸ್ ಸೂಚ್ಯಂಕಗಳನ್ನು ಹೊಸದಾಗಿ ಹಂಚಿದೆ; ಅವು ಸ್ಥಿರವಾಗಿರುವಂತೆ ಸಾಧನದಲ್ಲಿ ಹೊಂದಿಸಬೇಕು. ಮರುಚಾಲನೆಯಾಗದಿದ್ದರೂ 497 ದಿನಗಳಾದ ಮೇಲೆ ‘ಸಾಧನ ಮರುಚಾಲನೆಯಾಗಿದೆ’ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ, ಚಾಲನಾ ಅವಧಿಯ ಎಣಿಕೆಯೂ 32 ಬಿಟ್‌ನದೇ.

ಲಕ್ಷಣ: ಸೇರಿದ ಸಾಧನ ಆಗಾಗ ಡೌನ್ ಎಂದು ತೋರಿಸುತ್ತದೆ

ಟೈಮ್‌ಔಟ್ ಹೆಚ್ಚಿಸುವ ಮೊದಲು ಪಿಂಗ್ ನಷ್ಟವನ್ನು ಅರ್ಧ ಗಂಟೆ ಗಮನಿಸಿ. ನಷ್ಟ ಇದ್ದರೆ ಲಿಂಕ್, ಎರಡು ಸಾಧನಗಳಿಗೆ ಒಂದೇ ಐಪಿ ಇರುವುದು, ಇವು ಮೊದಲ ಅನುಮಾನಗಳು. ನಷ್ಟವಿಲ್ಲದೆ ಎಸ್‌ಎನ್‌ಎಂಪಿ ಮಾತ್ರ ತಪ್ಪುತ್ತಿದ್ದರೆ ಸಾಧನ ತನ್ನ ಸಿಪಿಯು ಕಾಪಾಡಿಕೊಳ್ಳಲು ಪ್ರಶ್ನೆಗಳನ್ನು ಮಿತಿಗೊಳಿಸುತ್ತಿರಬಹುದು. ಒಂದು ಸುತ್ತಿನ ಪೋಲಿಂಗ್ 300 ಸೆಕೆಂಡು ಮೀರುತ್ತಿದ್ದರೆ ಬೇಡದ ಮಾಡ್ಯೂಲ್‌ಗಳನ್ನು ಆ ಸಾಧನಕ್ಕೆ ಮಾತ್ರ ನಿಲ್ಲಿಸಿ.

ಲಕ್ಷಣ: ಏಜೆಂಟ್ ಸ್ಥಾಪಿಸಿದ ಸರ್ವರ್ ಸೇರುತ್ತಿಲ್ಲ

ಎಸ್‌ಎನ್‌ಎಂಪಿಯ ಬದಲು ತನ್ನದೇ ಏಜೆಂಟ್ ಬಳಸುವಾಗ, ಜಾಬಿಕ್ಸ್ ಎಂಬ ಮಾನಿಟರಿಂಗ್ ತಂತ್ರಾಂಶದಲ್ಲಿ ಮಾನಿಟರಿಂಗ್ ಸರ್ವರ್ ತಾನೇ ಕೇಳುವ ವಿಧಾನಕ್ಕೆ ಏಜೆಂಟ್‌ನ ಟಿಸಿಪಿ 10050, ಏಜೆಂಟ್ ತಾನೇ ಕಳುಹಿಸುವ ವಿಧಾನಕ್ಕೆ ಸರ್ವರ್‌ನ 10051 ತೆರೆದಿರಬೇಕು. ಎರಡನೆಯದರಲ್ಲಿ ಏಜೆಂಟ್ ಕಡತದ ಹೋಸ್ಟ್ ಹೆಸರು ಸರ್ವರ್‌ನಲ್ಲಿ ನೋಂದಾಯಿಸಿದ ಹೆಸರಿಗೆ ಅಕ್ಷರಶಃ ಹೊಂದಬೇಕು. ನ್ಯಾಗಿಯೋಸ್ ತಂತ್ರಾಂಶದ ಎನ್‌ಆರ್‌ಪಿಇ ಎಂಬ ಏಜೆಂಟ್‌ಗೆ ಟಿಸಿಪಿ 5666, ಜೊತೆಗೆ ಅನುಮತಿಸಿದ ವಿಳಾಸಗಳ ಪಟ್ಟಿಯಲ್ಲಿ ಸರ್ವರ್‌ನ ಐಪಿ. ಇವು ಟಿಸಿಪಿ ಆಗಿರುವುದರಿಂದ ಇಲ್ಲಿ ಟೆಲ್ನೆಟ್ ಪರೀಕ್ಷೆಯನ್ನು ನಂಬಬಹುದು.

ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಪೋಲಿಂಗ್ ಆರಂಭವಾದ ಕೂಡಲೇ ಸಾಧನದ ಸಿಪಿಯು ಏರಿ ಇಳಿಯದಿದ್ದರೆ, ಏಜೆಂಟ್ ಪ್ರಕ್ರಿಯೆ ಕುಸಿದು ಮತ್ತೆ ಏಳುತ್ತಿದ್ದರೆ, ಅಥವಾ ಮೆಮೊರಿ ಸತತವಾಗಿ ಕರಗುತ್ತಿದ್ದರೆ ಆ ಸಾಧನದ ಪೋಲಿಂಗನ್ನು ತಕ್ಷಣ ನಿಲ್ಲಿಸಿ. ಮಾನಿಟರಿಂಗ್ ಸೇರದೆ ಒಂದು ದಿನ ಕಳೆದರೆ ಸಹಿಸಬಹುದು. ಮಾನಿಟರಿಂಗ್‌ನಿಂದಲೇ ಜಾಲ ಕುಸಿಯುವುದನ್ನು ಸಹಿಸಲಾಗದು. ಪ್ಯಾಕೆಟ್ ಸರ್ವರ್ ಬಿಟ್ಟಿದೆ, ಸಾಧನಕ್ಕೆ ಬಂದಿಲ್ಲ ಎಂದು ಖಚಿತವಾಗಿ, ನಡುವಿನ ಫೈರ್‌ವಾಲ್ ನಿಮ್ಮ ಅಧಿಕಾರದಲ್ಲಿ ಇಲ್ಲದಿದ್ದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಅಡ್ಡದಾರಿ ಹುಡುಕಬೇಡಿ. ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್ ಬದಲಿಸಬೇಕಾಗಿ ಬಂದರೆ, ಚಾಲನೆಯಲ್ಲಿರುವಾಗ ಅದನ್ನು ತೆಗೆಯಬಹುದೇ ಎಂಬುದನ್ನು ಆ ಮಾದರಿಯ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳದೆ ಮುಟ್ಟಬೇಡಿ.

ನೆರವು ಕೇಳುವಾಗ ‘ಎಸ್‌ಎನ್‌ಎಂಪಿ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಎದುರಿನವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಮೂಲ ಮತ್ತು ಗಮ್ಯ ವಿಳಾಸಗಳು, ಪೋರ್ಟ್, ಪರೀಕ್ಷಿಸಿದ ಸಮಯ, ಕ್ಯಾಪ್ಚರ್‌ನ ನಾಲ್ಕಾರು ಸಾಲು, ಪರೀಕ್ಷೆಗೆ ಮುನ್ನ ಮತ್ತು ನಂತರ ಸಾಧನದ ಎಣಿಕೆಗಳು, ಫರ್ಮ್‌ವೇರ್ ಆವೃತ್ತಿ, ನೀವು ಮಾಡಿದ ಬದಲಾವಣೆಗಳು, ಇಷ್ಟನ್ನು ಕೊಡಿ. ಕಳುಹಿಸುವ ಮೊದಲು ಕ್ಯಾಪ್ಚರ್‌ನಿಂದ ಕಮ್ಯೂನಿಟಿ ಸ್ಟ್ರಿಂಗನ್ನು ಅಳಿಸಿ. ಅಳಿಸದೆ ಈಗಾಗಲೇ ಕಳುಹಿಸಿದ್ದರೆ ಸಾಧನ ಮತ್ತು ಸರ್ವರ್ ಎರಡರಲ್ಲೂ ಅದನ್ನು ಬದಲಿಸಿಬಿಡಿ.